ಸ್ಕೂಲಿಗೆ ಹೊರಟ ನೀರು

ಹೋದ ವರ್ಷ ಮೇ ತಿಂಗಳ ಕೊನೆಯ ಭಾನುವಾರ, ಸಂಜೆ, ಯಲಹಂಕದ ನಮ್ಮ ಮನೆಯ ಜಗಲಿಯ ಮೇಲೆ ಐದು ಜನ ದೊಡ್ಡವರು ಸೇರಿದ್ದೆವು. ನಾನು, ನನ್ನ ಹೆಂಡತಿ ಸರೋಜ, ನನ್ನ ತಾಯಿ, ಹಲಸಿನ ಹಣ್ಣು ಹೊತ್ತುಕೊಂಡು ಪಕ್ಕದ ಸಿಂಗಾಪುರ ಹಳ್ಳಿಯಿಂದ ಬಂದಿದ್ದ ನನ್ನ ಚಿಕ್ಕಪ್ಪ, ಮತ್ತು ಪಾತ್ರೆಗಳಿಗೆ ಕಲಾಯಿ ಹಾಕುವ ಎದುರು ಮನೆಯ ಖಾದರ್ ಸಾಬರು. ನಮ್ಮ ನಡುವೆ, ನ್ಯಾಯಕ್ಕೆ ಕರೆತಂದು ನಿಲ್ಲಿಸಿದವರ ಹಾಗೆ, ನಾಲ್ಕು ಪಾತ್ರೆಗಳು. ಆರು ವರ್ಷದ ನನ್ನ ಮಗಳು ನಾಗು ಬಾಗಿಲಿಗೆ ಒರಗಿ, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡು, ಎಲ್ಲರ ಬಾಯನ್ನೂ ಸರದಿಯ ಮೇಲೆ ನೋಡುತ್ತಿದ್ದಳು. ಅವಳು ಸ್ಕೂಲಿಗೆ ತೆಗೆದುಕೊಂಡು ಹೋಗಬೇಕಾದ ನೀರು ಯಾವುದರಲ್ಲಿ ಹೋಗಬೇಕು ಎನ್ನುವುದು ಅಂದಿನ ವಿಚಾರಣೆ.

ಒಂದು ನೀರಿನ ಬಾಟ್ಲಿ ಆರಿಸಲು ಐದು ಜನ ಬೇಕೆ ಎಂದು ನೀವು ನಗಬಹುದು. ನಗಿ. ನನ್ನನ್ನು ಅಳಿಯನೆಂದು ಆರಿಸಲು ಸರೋಜಳ ಕಡೆಯಿಂದ ಮೂರೇ ಜನ ಬಂದಿದ್ದರು, ಅದೂ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು. ಆದರೆ ಅಳಿಯನ ವಿಷಯದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಈ ಬಾಟ್ಲಿಯ ವಿಷಯದಲ್ಲಿ ನಡೆಯುವ ಹಾಗಿರಲಿಲ್ಲ. ಆ ವರ್ಷದ ಸಂಕ್ರಾಂತಿಯ ಹೊತ್ತಿಗೆ ನಾಗುವಿಗೆ ವಿಷಮಶೀತ ಜ್ವರ ಬಂದು, ಇಪ್ಪತ್ತೊಂದು ದಿನ ಮಲಗಿ, ಕೂದಲೆಲ್ಲ ಉದುರಿಸಿಕೊಂಡು ಎದ್ದಿದ್ದಳು. "ಒಂದು ವರ್ಷ ಕುದಿಸಿ ಆರಿಸಿದ ನೀರು ಬಿಟ್ಟು ಬೇರೆ ಹನಿ ಕೊಡಬೇಡಿ. ಇನ್ನೊಂದು ಸಲ ಬಂದರೆ ಈ ಮೈ ತಡೆಯೋದಿಲ್ಲ" ಎಂದಿದ್ದರು ಡಾಕ್ಟರು. ಸ್ಕೂಲಿನಲ್ಲಿ ಇದ್ದದ್ದು ಒಂದು ಮಣ್ಣಿನ ಹರವಿ, ಅದರ ಮೇಲೊಂದು ತಗಡಿನ ಲೋಟ, ಅದಕ್ಕೆ ನಲವತ್ತು ಬಾಯಿ. ಸರೋಜ ಒಂದೇ ಮಾತು ಹೇಳಿಬಿಟ್ಟಳು: "ಬಾಟ್ಲಿ ಸಿಕ್ಕಿದ್ರೆ ಸ್ಕೂಲು. ಇಲ್ದಿದ್ರೆ ಬರೋ ವರ್ಷ ನೋಡೋಣ." ಖಾದರ್ ಸಾಬರ ಮೊಮ್ಮಗಳು ನೂರಿಯ ಪಕ್ಕ, ಒಂದೇ ಮಣೆಯ ಮೇಲೆ ಕೂರುವುದೆಂದು ಆರು ತಿಂಗಳ ಹಿಂದೆಯೇ ಮಾತು ಕೊಟ್ಟಿದ್ದ ನಾಗುವಿಗೆ ಬರೋ ವರ್ಷ ಎಂದರೆ ಬರದ ವರ್ಷ.

ಕಷ್ಟ ಏನೆಂದರೆ, ನೀರನ್ನು ಜೊತೆಯಲ್ಲಿ ಕಟ್ಟಿಕೊಂಡು ಹೋಗುವುದು ನಮ್ಮ ಅಭ್ಯಾಸದಲ್ಲೇ ಇಲ್ಲ. ಬುತ್ತಿ ಕಟ್ಟಿಕೊಳ್ಳುತ್ತೇವೆ, ಹಾಸಿಗೆ ಸುತ್ತಿಕೊಳ್ಳುತ್ತೇವೆ, ಎಲೆ ಅಡಿಕೆ ಸುಣ್ಣ ಮರೆಯುವುದಿಲ್ಲ. ನೀರು? ಯಾರ ಮನೆಯ ಮುಂದೆ ನಿಂತು ಕೇಳಿದರೂ ಕೊಡುತ್ತಾರೆ, ಜೊತೆಗೆ ಒಂದು ಚೂರು ಬೆಲ್ಲವನ್ನೂ ಕೊಟ್ಟು, ಯಾವ ಊರು, ಯಾರ ಪೈಕಿ ಎಂದು ವಿಚಾರಿಸುತ್ತಾರೆ. ಯಶವಂತಪುರದ ಗೂಡ್ಸ್ ಆಫೀಸಿಗೆ ಹತ್ತು ವರ್ಷದಿಂದ ಸೈಕಲ್ ತುಳಿಯುತ್ತಿರುವ ನಾನೇ ದಾರಿಯಲ್ಲಿ ಎಷ್ಟು ಮನೆಯ ನೀರು ಕುಡಿದಿಲ್ಲ! ಸ್ವಂತ ನೀರು ಹೊತ್ತುಕೊಂಡು ಊರೊಳಗೆ ಹೋಗುವುದೆಂದರೆ, ನಿಮ್ಮೂರಿನ ಬಾವಿಯ ಮೇಲೆ ನಮಗೆ ನಂಬಿಕೆಯಿಲ್ಲ ಎಂದು ಬರೆದು ಬೆನ್ನಿಗೆ ಅಂಟಿಸಿಕೊಂಡ ಹಾಗೆ.

ಹಾಗೆಂದು ನೀರಿನ ಬಾಟ್ಲಿ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಋಷಿಗಳ ಕೈಯಲ್ಲಿ ಕಮಂಡಲ ಇರುತ್ತಿತ್ತಲ್ಲ. ನನಗೆ ಚಿಕ್ಕಂದಿನಿಂದ ಒಂದು ಕುತೂಹಲ. ಹರಿಕಥೆಗಳಲ್ಲಿ ಕಮಂಡಲದ ನೀರಿನಿಂದ ಶಾಪ ಕೊಡುವುದನ್ನು ಕೇಳಿದ್ದೇನೆ, ಶಾಪ ಬಿಡಿಸುವುದನ್ನು ಕೇಳಿದ್ದೇನೆ. ಯಾವನಾದರೊಬ್ಬ ಋಷಿ ಬಾಯಾರಿ ಅದರಿಂದ ಎರಡು ಗುಟುಕು ಕುಡಿದದ್ದನ್ನು ಇದುವರೆಗೆ ಯಾವ ದಾಸರೂ ಹೇಳಲಿಲ್ಲ. ಅಷ್ಟೊಂದು ಸಿಟ್ಟು ಬರುತ್ತಿದ್ದುದು ಅದಕ್ಕೇ ಇರಬಹುದು. ಜೊತೆಗೆ ಕಮಂಡಲಕ್ಕೆ ಮುಚ್ಚಳ ಇತ್ತೋ ಇಲ್ಲವೋ? ಇಲ್ಲದಿದ್ದರೆ ಅಷ್ಟು ಕಾಡು ಮೇಡು ಅಲೆಯುವಾಗ ನೀರು ಚೆಲ್ಲುತ್ತಿರಲಿಲ್ಲವೆ? ನನ್ನ ತಾಯಿಯನ್ನು ಕೇಳಿದರೆ, "ಅವರು ತಪಸ್ಸು ಮಾಡಿದೋರು ಕಣೋ, ನಿನ್ ಥರ ಕೈ ಅಲ್ಲಾಡಿಸ್ಕೊಂಡು ನಡೀತಿರ್ಲಿಲ್ಲ" ಎಂದರು.

ಜಗಲಿಯ ಮೇಲೆ ನಾಲ್ಕಿದ್ದವು ಎಂದೆ. ನಿಜವಾಗಿ ಐದು ಇರಬೇಕಿತ್ತು. ಹಿಂದಿನ ದಿನ ನಾನು ಪೇಟೆಗೆ ಹೋಗಿ, ಆಗ ತಾನೆ ಬಂದಿದ್ದ ಪ್ಲಾಸ್ಟಿಕ್ಕಿನ ಬಾಟ್ಲಿಯೊಂದನ್ನು ತಂದಿದ್ದೆ. ಗುಲಾಬಿ ಬಣ್ಣ, ಹೆಗಲಿಗೆ ಪಟ್ಟಿ, ಎತ್ತಿದರೆ ಕೈಯಲ್ಲಿ ಏನೂ ಇಲ್ಲದ ಹಾಗೆ ಹಗುರ. ನಾಗು ಅದನ್ನು ತಬ್ಬಿಕೊಂಡು ಮಲಗಿದ್ದಳು. ಬೆಳಿಗ್ಗೆ ಸರೋಜ ಒಲೆಯಿಂದ ಇಳಿಸಿದ ನೀರನ್ನು ಕುದಿಯುತ್ತಿದ್ದ ಹಾಗೆಯೇ ಅದಕ್ಕೆ ಸುರಿದಳು. ಬಾಟ್ಲಿ ಮೊದಲು ಸೊಂಟ ಬಗ್ಗಿಸಿತು, ಆಮೇಲೆ ಕತ್ತು ವಾಲಿಸಿತು, ಕೊನೆಗೆ ಅಡುಗೆಮನೆಯ ನೆಲದ ಮೇಲೆ ಕುಳಿತೇಬಿಟ್ಟಿತು. "ಬಿಸಿನೀರಿಗೆ ಹೆದರೋದು ನೀರು ತುಂಬಿಸ್ಕೊಳ್ಳೋಕ್ ಯಾಕೋ ಬಂತು?" ಎಂದು ನನ್ನ ತಾಯಿ ಕೇಳಿದರು. ಆರಿಸಿ ಹಾಕಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ.

ಆದ್ದರಿಂದ ನಾಲ್ಕು. ಮೊದಲನೆಯದು ನನ್ನ ತಾಯಿಯ ಹಿತ್ತಾಳೆಯ ಕೂಜ, ತಿರುಗಿಸಿ ಹಾಕುವ ಮುಚ್ಚಳದ್ದು, ಎರಡು ಸಲ ತಿರುಪತಿ ಕಂಡು ಬಂದದ್ದು. ತುಂಬಿಸಿ ನಾಗುವಿನ ಕೈಗೆ ಕೊಟ್ಟು ಬಾವಿಯವರೆಗೆ ನಡೆದು ಬಾ ಎಂದೆವು. ಹೋಗುವಾಗ ಬಲಕ್ಕೆ ವಾಲಿದಳು, ಬರುವಾಗ ಕೈ ಬದಲಿಸಿ ಎಡಕ್ಕೆ ವಾಲಿದಳು. ಎರಡನೆಯದು ನನ್ನ ಆಯ್ಕೆ: ಜ್ವರದ ಮಿಕ್ಸ್ಚರಿನ ಗಾಜಿನ ಬಾಟ್ಲಿ. ಬಿರಡೆ ಭದ್ರವಾಗಿತ್ತು, ಪಕ್ಕದಲ್ಲಿ ಎಷ್ಟೆಷ್ಟು ಕುಡಿಯಬೇಕೆಂದು ಗೆರೆ ಕತ್ತರಿಸಿದ ಕಾಗದವೂ ಇತ್ತು. ಮಗಳು ಸ್ಕೂಲಿನಲ್ಲಿ ಎಷ್ಟು ಗೆರೆ ನೀರು ಕುಡಿದಳೆಂದು ಸಂಜೆ ನೋಡಬಹುದಲ್ಲ ಎಂಬುದು ನನ್ನ ಬುದ್ಧಿವಂತಿಕೆ. ನಾಗು ಅದನ್ನು ಕಂಡದ್ದೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮೂರನೆಯದು ಚಿಕ್ಕಪ್ಪ ತಂದ ಸೋರೆ ಬುರುಡೆ. ಒಣಗಿಸಿ, ಒಳಗಿನ ತಿರುಳು ತೆಗೆದು, ಕತ್ತಿಗೆ ಹಗ್ಗ ಕಟ್ಟಿದ್ದು. "ನೋಡವ್ವ, ಇದ್ರಾಗೆ ಮಡಗಿದ್ ನೀರು ಉರಿಬಿಸ್ಲಲ್ಲೂ ತಣ್ಗಿರ್ತದೆ. ಒಲಕ್ಕೆ ಓಗೋವಾಗ ನಾನು ಇಂಗೇ ಎಗಲಿಗ್ ಆಕ್ಕೊಂಡು ಅರವತ್ ವರ್ಸ ಕುಡ್ದಿಲ್ವಾ? ನಂಗೇನಾಗದೆ?" ಎಂದು ಎದೆ ತಟ್ಟಿಕೊಂಡರು.

"ನಿಮಗೇನಾಗುತ್ತೆ ಬಿಡಿ ಮಾವ," ಎಂದಳು ಸರೋಜ, "ನಿಮ್ಮನ್ನ ನೋಡಿದ್ರೆ ಜ್ವರಕ್ಕೇ ಚಳಿ ಬರುತ್ತೆ."

ಚಿಕ್ಕಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಆದರೆ ಬುರುಡೆಗೆ ಹಾಕಿ ನೋಡಿದ ನೀರು ಗಳಿಗೆಯಲ್ಲಿ ಹಳೆಯ ತರಕಾರಿ ಬುಟ್ಟಿಯ ವಾಸನೆ ಹಿಡಿಯಿತು.

ಉಳಿದದ್ದು ಖಾದರ್ ಸಾಬರು ಗುಜರಿಯಿಂದ ಹುಡುಕಿ ತಂದಿದ್ದ ಮಿಲಿಟರಿ ಬಾಟ್ಲಿ. ಅಲ್ಯುಮಿನಿಯಮ್ಮು, ಮೈಮೇಲೆ ಖಾಕಿ ಉಣ್ಣೆಯ ಅಂಗಿ, ಮುಚ್ಚಳ ಕಳೆಯದಂತೆ ಸಣ್ಣ ಸರಪಳಿ, ಹೊಟ್ಟೆಯಲ್ಲಿ ಒಂದು ತಗ್ಗು. ಆ ತಗ್ಗು ಯಾವ ಊರಿನಲ್ಲಿ ಬಿತ್ತು, ಅದನ್ನು ಕಟ್ಟಿಕೊಂಡಿದ್ದವನು ಮನೆಗೆ ಮರಳಿದನೋ ಇಲ್ಲವೋ ಎಂದು ನಾನು ಯೋಚಿಸುತ್ತ ಕುಳಿತೆ. ನನ್ನ ತಾಯಿಯ ಯೋಚನೆ ಬೇರೆ. "ಅದರಲ್ಲಿ ಯಾರ್ಯಾರು ಏನೇನ್ ಕುಡಿದಿದ್ರೋ!"

"ಅಮ್ಮಾ, ಮೂರು ದಿನದಿಂದ ಮರಳು ಹಾಕಿ, ಬೂದಿ ಹಾಕಿ ತೊಳೀತಾನೇ ಇದೀನಿ," ಎಂದರು ಖಾದರ್ ಸಾಬರು. "ಇನ್ನೊಂದು ಸಲ ತೊಳೆದ್ರೆ ಬಾಟ್ಲಿ ಹೋಗಿ ಬರೀ ಅಂಗಿ ಉಳಿಯುತ್ತೆ."

ನಾಗು ಅದನ್ನು ಹೆಗಲಿಗೆ ಹಾಕಿಕೊಂಡು ಬಾವಿಗೆ ಹೋಗಿ ಬಂದಳು, ನೆಟ್ಟಗೆ. ಪಟ್ಟಿ ಉದ್ದವಾಗಿ ಬಾಟ್ಲಿ ಮೊಣಕಾಲಿಗೆ ಬಡಿಯುತ್ತಿತ್ತು. ಸರೋಜ ಅಲ್ಲೇ ಒಂದು ಗಂಟು ಹಾಕಿದಳು. ಆಯಿತು, ತೀರ್ಮಾನ.

ಆಮೇಲೆ ಪಾಠ. ಬಾಟ್ಲಿ ಕಚ್ಚಿ ಕುಡಿಯುವುದನ್ನು ನನ್ನ ತಾಯಿ ಒಪ್ಪುವವರಲ್ಲ. "ತುಟಿ ತಾಗಿಸ್ಬಾರ್ದು ಮಗಾ, ಎತ್ತಿ ಕುಡೀಬೇಕು. ಎಂಜಲಾದ್ರೆ ಇನ್ನೊಬ್ರು ಹೆಂಗೆ ಕುಡೀತಾರೆ?" ನಾಲ್ಕು ದಿನ ನಾಗು ಹಿತ್ತಲಿನಲ್ಲಿ ಕತ್ತು ಮೇಲೆತ್ತಿ ನಿಂತು, ಮೂಗಿಗೆ, ಕಿವಿಗೆ, ಲಂಗಕ್ಕೆ ನೀರು ಕುಡಿಸಿದಳು. ಹೀಗಲ್ಲ, ಹೀಗೆ ಎಂದು ತೋರಿಸಲು ಹೋದ ನನಗೆ ನೆತ್ತಿಗೇರಿ, ಸರೋಜ ಬೆನ್ನು ಗುದ್ದಬೇಕಾಯಿತು. ಐದನೆಯ ದಿನ ನಾಗುವಿನ ಬಾಟ್ಲಿಯಿಂದ ದಾರದಂಥ ಸಣ್ಣ ಧಾರೆ ಇಳಿಯತೊಡಗಿತು. ನೀರಿಗೆ ನನ್ನ ತಾಯಿ ಎರಡು ಎಳೆ ಲಾವಂಚದ ಬೇರು ಹಾಕಿ ಕುದಿಸುತ್ತಿದ್ದರು; ಮುಚ್ಚಳ ತೆಗೆದರೆ ಮಳೆ ಬಿದ್ದ ಮಣ್ಣಿನ ಹಾಗೆ ಘಮ.

ಇಷ್ಟೆಲ್ಲ ಮಾಡಿದೆವು, ಒಂದನ್ನು ಮಾಡಲಿಲ್ಲ. ಈ ನೀರು ಯಾಕೆ ಎಂದು ಅವಳಿಗೆ ಹೇಳಲಿಲ್ಲ. ಸ್ಕೂಲಿನ ಮೇಡಮ್ಮಿಗೂ ಹೇಳಲಿಲ್ಲ. ವಾಸಿಯಾಗಿ ಹೋದ ಕಾಯಿಲೆಯನ್ನು ಹೆಸರು ಹಿಡಿದು ಕರೆದರೆ ಅದು ತಿರುಗಿ ನೋಡುತ್ತದೆ ಎಂಬುದು ನನ್ನ ತಾಯಿಯ ನಂಬಿಕೆ. ನಮ್ಮ ಮನೆಯಲ್ಲಿ ಆ ಜ್ವರಕ್ಕೆ 'ಅದು' ಎಂದಷ್ಟೇ ಹೆಸರು. ದಿನಾ ಪೇಪರು ಓದುವ ನಾನು, ಇಂಥದ್ದನ್ನೆಲ್ಲ ನಂಬದ ನಾನು, ಬಾಯಿ ಬಿಡಬೇಕೆಂದಾಗಲೆಲ್ಲ ಅವಳ ಕೂದಲುದುರಿದ ತಲೆಯನ್ನು ನೋಡಿ ಸುಮ್ಮನಾಗುತ್ತಿದ್ದೆ. ನಾಗುವಿಗೆ ಗೊತ್ತಿದ್ದದ್ದು ಒಂದೇ ಮಾತು: ಇದು ಒಳ್ಳೇ ನೀರು.

ಜೂನ್ ಬಂತು. ಬಾಟ್ಲಿ ದಿನಾ ತುಂಬಿ ಹೋಗಿ ಖಾಲಿಯಾಗಿ ಬರುತ್ತಿತ್ತು. ಸರೋಜ ಅದನ್ನು ತಲೆಕೆಳಗೆ ಮಾಡಿ, ಒಂದು ಹನಿಯೂ ಬೀಳದಿದ್ದರೆ ಆ ದಿನ ಚೆನ್ನಾಗಿ ಉಣ್ಣುತ್ತಿದ್ದಳು. ಹೀಗೆ ಮೂರು ವಾರ.

ಒಂದು ಮಧ್ಯಾಹ್ನ ಆಫೀಸು ಬೇಗ ಬಿಟ್ಟಿತ್ತು. ಸ್ಕೂಲಿನ ಮುಂದೆ ಬರುವಾಗ ಆಟದ ಗಂಟೆ ಹೊಡೆಯಿತು, ಸೈಕಲ್ ಇಳಿದೆ. ಹೊಂಗೆ ಮರದ ಕೆಳಗೆ ಹದಿನೈದು ಇಪ್ಪತ್ತು ಮಕ್ಕಳು ಸಾಲಾಗಿ, ಮೊಣಕಾಲೂರಿ, ಕತ್ತು ಮೇಲೆತ್ತಿ, ಗೂಡಿನ ಮರಿಗಳ ಹಾಗೆ ಬಾಯಿ ತೆರೆದು ಕೂತಿದ್ದಾರೆ. ನಾಗು ಮಿಲಿಟರಿ ಬಾಟ್ಲಿ ಹಿಡಿದು ಒಂದೊಂದು ಬಾಯಿಗೆ ಒಂದೊಂದು ಗುಟುಕು ಬಿಡುತ್ತ ಬರುತ್ತಿದ್ದಾಳೆ. ಧಾರೆ ತಪ್ಪಲಿಲ್ಲ, ಯಾರ ತುಟಿಯೂ ತಾಗಲಿಲ್ಲ. ಕೊನೆಯ ಹನಿ ನೂರಿಗೆ. ನನಗೆ ಹೆಮ್ಮೆಯಾಗುವುದರಲ್ಲಿತ್ತು. ಅಷ್ಟರಲ್ಲಿ ನಾಗು ಮುಚ್ಚಳ ತಿರುಗಿಸಿ, ಹರವಿಯ ಹತ್ತಿರ ಹೋಗಿ, ತಗಡಿನ ಲೋಟ ಮುಳುಗಿಸಿ, ಗಟಗಟ ಎಂದು ಕುಡಿದಳು.

ಸೈಕಲ್ ನನ್ನ ಕೈಬಿಟ್ಟು ಬಿದ್ದ ಸದ್ದಿಗೆ ಎಲ್ಲರೂ ತಿರುಗಿದರು. "ನಾಗೂ, ನಿನ್ ನೀರು ನೀನ್ಯಾಕ್ ಕುಡೀಲಿಲ್ಲ?" ಎಂದೆ.

"ಅದು ಒಳ್ಳೇ ನೀರಲ್ವಾಪ್ಪ," ಎಂದಳು. "ನಾನು ಮನೇಲೂ ಕುಡೀತೀನಿ. ಪಾಪ, ಇವರ ಮನೇಲಿ ಇಲ್ವಂತೆ."

ಮೇಡಂ ತಾಯಮ್ಮನವರು ಹೊರಗೆ ಬಂದರು. ನಾನು ಆರು ತಿಂಗಳಿನಿಂದ ಆಡದಿದ್ದ ಹೆಸರನ್ನು ಆಡಿದೆ. ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಅವರ ಮುಖ ಇಳಿಯಿತು. "ನೀವು ಒಂದ್ ಮಾತು ಹೇಳ್ಬಾರ್ದಿತ್ತೇನ್ರೀ? ದಿನಾ ನನ್ ಕಣ್ಮುಂದೇನೇ ಕುಡೀತಿದ್ದಾಳಲ್ರೀ."

ಮನೆಗೆ ಬಂದು ಹೇಳಿದಾಗ ಸರೋಜ ಅಳಲಿಲ್ಲ, ಬಯ್ಯಲಿಲ್ಲ. ನಾಗುವಿನ ಸ್ಲೇಟನ್ನು ಅಟ್ಟದ ಮೇಲಿಟ್ಟಳು. ಅಷ್ಟೇ. ನನ್ನ ತಾಯಿ ದೇವರ ಮನೆಗೆ ಹೋಗಿ ಕೂತರು. ಎರಡು ವಾರ ನಾವು ಒಬ್ಬರಾದ ಮೇಲೊಬ್ಬರು ಮಗುವಿನ ಹಣೆ ಮುಟ್ಟಿ ನೋಡುತ್ತಲೇ ಇದ್ದೆವು. ಯಾಕೆ ಎಂದು ಈ ಸಲ ಅವಳಿಗೆ ಹೇಳಿದ್ದು ನನ್ನ ತಾಯಿಯೇ. ಜ್ವರದ ಹೆಸರನ್ನು ಎರಡು ಸಲ, ಬಿಡಿಸಿ ಹೇಳಿದರು. ನಾಗು ಎಲ್ಲವನ್ನೂ ಕೇಳಿ, "ಹಂಗಾದ್ರೆ ನೂರಿಗೂ ಬರಬಹುದಾ ಅಜ್ಜಿ?" ಎಂದಳು. ಒಂದು ಬಾಯಿಗೆ ಎಂಥ ಬಾಟ್ಲಿ ಬೇಕೆಂದು ಐದು ತಲೆ ಒಟ್ಟು ಸೇರಿ ಯೋಚಿಸಿದ್ದೆವಲ್ಲ, ಹರವಿಯ ಸುತ್ತ ಇದ್ದ ಉಳಿದ ಮೂವತ್ತೊಂಬತ್ತು ಬಾಯಿ ನಮ್ಮ ಯಾರ ತಲೆಗೂ ಬಂದಿರಲಿಲ್ಲ.

ಜ್ವರ ಬರಲಿಲ್ಲ. ಮೂರನೆಯ ವಾರದ ಭಾನುವಾರ ತಾಯಮ್ಮನವರೇ ಮನೆಗೆ ಬಂದರು. ಕಾಫಿಯ ಲೋಟ ಕೈಯಲ್ಲಿ ಹಿಡಿದು, ಕುಡಿಯದೆ, "ಹರವಿ ನೀರನ್ನೇ ಕುದಿಸಿಬಿಡೋಣ ಅಂತ. ಒಂದ್ ಹಂಡೆ ಹೇಗೋ ಸಿಗುತ್ತೆ. ಆದ್ರೆ ನಾನೊಬ್ಳೇ, ಮೂರು ಕ್ಲಾಸು. ಬೆಳಿಗ್ಗೆ ಬಂದು ಒಲೆ ಹಚ್ಚೋರು ಯಾರು ಅನ್ನೋದೇ ಯೋಚನೆ" ಎಂದರು.

ಸರೋಜ ಎದ್ದು ಹೋಗಿ ಸ್ಲೇಟು ಇಳಿಸಿ, ಸೆರಗಿನಿಂದ ಧೂಳು ಒರೆಸಿದಳು. ಮಾರನೆಯ ಬೆಳಿಗ್ಗೆ ಎಂಟಕ್ಕೆ ಅಮ್ಮ ಮಗಳು ಇಬ್ಬರೂ ಸ್ಕೂಲಿಗೆ ಹೋದರು.

ಸಂಕ್ರಾಂತಿ ಕಳೆದ ಮೇಲೆ ಡಾಕ್ಟರಿಗೆ ತೋರಿಸಿದೆವು. ನಾಗುವಿನ ನಾಲಗೆ, ಕಣ್ಣು, ಹೊಟ್ಟೆ ಎಲ್ಲ ನೋಡಿ, "ವರ್ಷ ಮುಗೀತು. ಇನ್ನು ಕುದಿಸೋ ತಾಪತ್ರಯ ಬೇಡಮ್ಮ, ಎಲ್ಲರ ಹಾಗೆ ಕುಡೀಲಿ" ಎಂದರು. ಸರೋಜ ಆಗಲಿ ಎಂದು ಕೈಮುಗಿದಳು. ಮಾರನೆಯ ದಿನ ನಾನು ಏಳುವ ಹೊತ್ತಿಗೆ ಅವಳು ಬೆಂಕಿಪೊಟ್ಟಣ ತೆಗೆದುಕೊಂಡು ಸ್ಕೂಲಿಗೆ ಹೋಗಿಯಾಗಿತ್ತು.