ಹನ್ನೊಂದು ಸಂದುಗಳಿಗೆ ರಜೆ

ಇಂದು ಬೆಳಗಿನ ಲೋಕಲ್ ರೈಲಿನಲ್ಲಿ ಪಕ್ಕದವರು ಲವಂಗ ಅಗಿಯುತ್ತಿದ್ದರು. ಹಲ್ಲಿನ ಆಸ್ಪತ್ರೆಯ ನೆನಪು ತರುವ ಆ ವಾಸನೆಗೆ ನನ್ನ ನಾಲಿಗೆ ತಾನಾಗಿಯೇ ಕೆಳಗಿನ ಎರಡು ಮುಂದಿನ ಹಲ್ಲುಗಳನ್ನು ತಡವಿ, ಇವೆಯೆಂದು ಖಾತ್ರಿ ಮಾಡಿಕೊಂಡಿತು. ನಿಮ್ಮ ನಾಲಿಗೆಗೂ ಇಂಥ ಅಭ್ಯಾಸಗಳಿರಬಹುದು.

ಎರಡು ವರ್ಷದ ಹಿಂದೆ ಅವು ಉಳಿಯುವುದೇ ಅನುಮಾನವಿತ್ತು. ಆಗ ಸಯನ್‌ನ ಸಾಲುಮನೆಗಳ ಚಾಳಿನಲ್ಲಿ ಸೋದರಮಾವನ ಜೊತೆಗಿದ್ದೆ. ವಸಡು ಊದಿ ರಕ್ತ ಬರುತ್ತಿತ್ತು. ದಾದರ್‌ನ ಹಲ್ಲಿನ ಡಾಕ್ಟರು ಧಾರವಾಡ ಕಡೆಯವರು. ಮೇಣ ಸವರಿದ ದಾರದ ಉಂಡೆಯೊಂದನ್ನು ಕೊಟ್ಟು, "ದಿನಾ ಹಲ್ಲಿನ ಎಲ್ಲಾ ಸಂದಿನಾಗೂ ಸಾವಕಾಶ ಆಡಸ್ರಿ. ತಿಂಗಳದಾಗ ವಸಡು ಗಟ್ಟಿ ಆಗಲಿಲ್ಲಂದ್ರ ಈ ಎರಡೂ ಕೀಳೂದ ನೋಡ್ರಿ" ಎಂದರು. ಇಪ್ಪತ್ತೆರಡನೆಯ ವಯಸ್ಸಿಗೇ ಬೊಚ್ಚುಬಾಯಿ!

ದಿನಚರಿಯಲ್ಲಿ ಗೆರೆ ಎಳೆದೆ: ತಾರೀಖು, ದಾರ ಆಡಿಸಿದ ಸಂದು, ರಕ್ತ ಬಂದ ಸಂದು. ಮೊದಲ ದಿನ ಇಪ್ಪತ್ತಾರು ಸಂದು, ಹನ್ನೊಂದರಲ್ಲಿ ರಕ್ತ. ಚಾಳಿನ ನಲ್ಲಿಯ ಮುಂದೆ, ಕೊಡ ಹಿಡಿದವರ ಸಾಲಿನ ನಡುವೆ, ಬಾಯಿ ತೆರೆದು ದಾರ ಎಳೆಯುವುದು ಸುಲಭವಲ್ಲ. ಹೋಟೆಲಿನಲ್ಲಿ ದೋಸೆ ಹೊಯ್ಯುವ ಮಾವ, "ಎಂತ ಮಾರಾಯ, ಬಾಯೊಳಗೆ ಮಲ್ಲಿಗೆ ಕಟ್ಟುದಾ?" ಎಂದು ಎಲ್ಲರನ್ನೂ ನಗಿಸಿದರು.

ನಗು ಸಹಿಸಿದೆ, ರಕ್ತದ ಅಂಕಿಯನ್ನು ಸಹಿಸಲಾಗಲಿಲ್ಲ. ರಕ್ತ ಬಂದ ಸಂದುಗಳಿಗೆ ಒಂದೊಂದಾಗಿ ರಜೆ ಕೊಟ್ಟೆ. ಪಾಪ, ನೋವಾಗಿದೆ ತಾನೆ? ಹನ್ನೊಂದು ಎಂಟಾಯಿತು, ನಾಲ್ಕಾಯಿತು, ಮೂರನೆಯ ವಾರ ಸೊನ್ನೆ. ತಿಂಗಳು ತುಂಬಿದಾಗ ಸೊನ್ನೆಗಳ ಸಾಲನ್ನು ಬಗಲಲ್ಲಿಟ್ಟುಕೊಂಡು ಹೆಮ್ಮೆಯಿಂದ ದಾದರಿಗೆ ಹೋದೆ.

ಡಾಕ್ಟರು ಬಾಯಿ ನೋಡಿದರು, ದಿನಚರಿ ನೋಡಿದರು, ಮತ್ತೆ ಬಾಯಿ ನೋಡಿದರು.

"ಬರಿಯೂದೇನೋ ಛಲೋ ಬರದೀರಿ. ಮೊದಲ ಇಪ್ಪತ್ತಾರು ಸಂದು ಇದ್ದೂವು. ಈಗ ಹದಿನೈದು. ಉಳದ ಹನ್ನೊಂದು ಎಲ್ಲಿ ಹೋದೂವು?"

"ರಕ್ತ ಬರ್ತದಲ್ಲ ಸರ್, ಹಾಗೆ ಬಿಟ್ಟೆ."

"ಹೊಲಸು ಅಲ್ಲೇ ಕುಂತೈತಿ, ಅದಕ್ಕ ರಕ್ತ ಬರತೈತಿ! ಅಳೂ ಕೂಸನ್ನ ಬಿಟ್ಟು, ನಗೂ ಕೂಸಿಗೆ ಹಾಲು ಕುಡಿಸೀರಲ್ರೀ!"

ನನ್ನ ಕಳ್ಳತನವನ್ನು ನಾನೇ ತಾರೀಖು ಸಮೇತ ಬರೆದಿಟ್ಟಿದ್ದೆ. ಡಾಕ್ಟರು ನಕ್ಕು, ಇನ್ನು ಹದಿನೈದು ದಿನ ಕೊಟ್ಟರು. ಮರುದಿನದಿಂದ ಅಳುವ ಸಂದುಗಳಿಗೇ ಮೊದಲ ಸರದಿ. ರಕ್ತದ ಮನೆಯಲ್ಲಿ ಮತ್ತೆ ಹನ್ನೊಂದು ಎಂದು ಬರೆಯುವಾಗ ಕೈ ತಡೆಯಿತು, ಆದರೂ ಬರೆದೆ. ಮುಂದೆ ಒಂಬತ್ತು, ಆರು, ಎರಡು. ಹದಿನೈದನೆಯ ದಿನ ಡಾಕ್ಟರು ಆ ಎರಡು ಹಲ್ಲುಗಳನ್ನು ಅಲ್ಲಾಡಿಸಿ ನೋಡಿ, "ಇರಲಿ ಬಿಡ್ರಿ, ನಿಮ್ಮ ಹಲ್ಲು ನಿಮ್ಮ ಕಡೇನ ಇರಲಿ" ಎಂದು ಇಕ್ಕಳವನ್ನು ಡಬ್ಬಿಗೆ ಹಾಕಿದರು.

ಈ ಸಂಜೆ, ಎಷ್ಟೋ ತಿಂಗಳ ಮೇಲೆ, ಒಂದು ಸಂದಿನಲ್ಲಿ ಕೆಂಪು ಕಂಡಿತು. "ಒಂದು" ಎಂದು ದೊಡ್ಡದಾಗಿಯೇ ಬರೆದೆ. ನಾಳೆ ಅಲ್ಲಿಂದಲೇ ಶುರು.