ಶನಿವಾರದ ಢೋಲಕ್

ನೆನೆಹಾಕಿದ ಅವರೆಕಾಳನ್ನು ಹಿದುಕುತ್ತಾ ಕೂತಿದ್ದೆ. ಫೋನ್ ಎರಡು ಸಲ ಹೊಡೆದುಕೊಂಡು ನಿಂತಿತು. ಮೂರನೇ ಸಲ ನಮ್ಮ ಯಜಮಾನರೇ ಎತ್ತಿ ನನ್ನ ಕಿವಿಗೆ ಹಿಡಿದರು. ಭಜನೆಯ ಗೆಳತಿ. "ಢೋಲಕ್ ಅಣ್ಣ ಹೋಗ್ಬಿಟ್ರು ಕಣೇ," ಎಂದಳು. ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲವಂತೆ. ಆಸ್ಪತ್ರೆ, ನಳಿಕೆ, ನರಳಾಟ ಒಂದೂ ಇಲ್ಲ. ಅಷ್ಟರಮಟ್ಟಿಗೆ ದೇವರು ದೊಡ್ಡವನು. ಆದರೆ ಹಿಂದಿನ ಶನಿವಾರ ನಾನು ಆಡಿದ ಒಂದು ಕುಹಕವೇ ಅವರ ಜೊತೆಗಿನ ನನ್ನ ಕಡೆಯ ಮಾತಾಗಿಹೋಗಿತ್ತು.

ಜೋಗುಪಾಳ್ಯದ ಒಂದು ಗಲ್ಲಿಯಲ್ಲಿದೆ ನಮ್ಮ ದೇವಸ್ಥಾನ. ಶನಿವಾರ ಸಂಜೆ ನಡುವೆ ದೀಪವಿಟ್ಟು, ಸುತ್ತಲೂ ಒಂಬತ್ತು ಹತ್ತು ಹೆಂಗಸರು ಹಾಡುತ್ತಾ ಕುಣಿಯುತ್ತೇವೆ. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ಬಾಗಿ ಒಂದು ಚಪ್ಪಾಳೆ, ತಿರುಗಿ ಒಂದು ಚಪ್ಪಾಳೆ. ದೊಡ್ಡ ವಿದ್ಯೆಯೇನಲ್ಲ. ನಲವತ್ತೆಂಟಕ್ಕೆ ಸೇರಿದವಳು, ಈಗ ನನಗೆ ಅರವತ್ತೇಳು. ಫ್ಯಾಕ್ಟರಿಯಿಂದ ನಿವೃತ್ತರಾದ ಆ ಅಣ್ಣ ಕಂಬಕ್ಕೆ ಒರಗಿ ಕೂತು ಢೋಲಕ್ ಬಾರಿಸುತ್ತಿದ್ದರು. ಅವರ ಎಡಗೈ ಗುಮ್ಮೆಂದರೆ ಸಾಕು, ನನ್ನ ಕಾಲು ತಾನಾಗಿ ಏಳುತ್ತಿತ್ತು. ಮನೆಯ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವವಳು, ದೀಪದ ಸುತ್ತ ಮುಕ್ಕಾಲು ಗಂಟೆ ಕುಣಿದರೂ ದಣಿಯುತ್ತಿರಲಿಲ್ಲ. ಮಕ್ಕಳು, ಮನೆ, ಬಿಪಿ ಮಾತ್ರೆ ಎಲ್ಲ ಮರೆತುಹೋಗಿ ಮೈ ಹಗುರವಾಗುತ್ತಿತ್ತು. "ಸ್ವಾಮಿ ಕಾಲಿಗೆ ಬಲ ಕೊಟ್ಟಿದ್ದಾನೆ," ಅಂತ ಎಲ್ಲರೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಆ ಶನಿವಾರ ಹುರುಪು ಸ್ವಲ್ಪ ಹೆಚ್ಚೇ ಇತ್ತು. ಕುಣಿಯುತ್ತಲೇ ಕೂಗಿದೆ: "ಏನ್ ಅಣ್ಣಾ, ಅಕ್ಕ ಮನೇಲಿ ಊಟ ಹಾಕ್ಲಿಲ್ವಾ? ನಮಗಿಂತ ನಿಮಗೇ ವಯಸ್ಸಾಗೋಯ್ತು. ಜೋರಾಗಿ ಬಾರ್ಸಿ!" ಹೆಂಗಸರೆಲ್ಲ ನಕ್ಕರು. ಅವರೂ ತಲೆ ತಗ್ಗಿಸಿ ನಕ್ಕರು. ಒಂದು ಸುತ್ತು ವೇಗ ಹೆಚ್ಚಿಸಿ, ಮತ್ತೆ ಇಳಿಸಿದರು. ನಾನು ಪ್ರಸಾದ ತೆಗೆದುಕೊಂಡು, ಬರ್ತೀನಿ ಅಂತಲೂ ಹೇಳದೆ ಆಟೊ ಹತ್ತಿದ್ದೆ.

ಸಾವಿನ ಮನೆಯಲ್ಲಿ ಜನ ತುಂಬಿದ್ದರು. ಅವರ ಹೆಂಡತಿಯ, ನಾವೆಲ್ಲ ಅಕ್ಕ ಅನ್ನುವವರ, ಕೈ ಹಿಡಿದು ಸುಮ್ಮನೆ ಬಂದುಬಿಟ್ಟೆ.

ತಿಂಗಳು ಕಳೆದ ಮೇಲೆ ಕೆ.ಆರ್. ಪುರದಿಂದ ಬೇರೊಬ್ಬರನ್ನು ಕರೆಸಿದರು. ನಲವತ್ತರ ಆಸುಪಾಸು, ಒಳ್ಳೆಯ ಕೈ. ಹಾಡು ಹಳೆಯದೇ. ಎರಡನೇ ಸುತ್ತಿಗೇ ನನ್ನ ಹೆಜ್ಜೆ ತಪ್ಪಿತು. ಮೂರನೆಯದಕ್ಕೆ ಮೊಣಕಾಲು ಚುಳ್ಳೆಂದಿತು. ಒಬ್ಬೊಬ್ಬರಾಗಿ ಗೋಡೆ ಪಕ್ಕ ಕೂತೆವು.

"ತುಂಬ ಸ್ಪೀಡಾಯ್ತಪ್ಪ," ಎಂದಳು ಗೆಳತಿ.

"ಇಲ್ಲಮ್ಮ, ಈ ಹಾಡಿಗೆ ಇದೇ ನಡೆ. ಎಲ್ಲಾ ಕಡೆ ಹೀಗೇ ಬಾರ್ಸೋದು," ಅಂದರು ಅವರು, ಪಾಪ, ಏನು ತಪ್ಪಾಯಿತೋ ಅಂತ ನಮ್ಮ ಮುಖ ನೋಡುತ್ತಾ.

ಅವರ ಮಾತು ನಿಜ. ಮೊದಮೊದಲು ನಾವೂ ಇದೇ ನಡೆಯಲ್ಲಿ ಕುಣಿದವರು. ಅದು ಇಳಿದದ್ದು ಯಾವಾಗ?

ಮಂಗಳಾರತಿ ಆದದ್ದೇ ಎರಡು ಗಲ್ಲಿ ಆಚೆಗಿದ್ದ ಅಕ್ಕನ ಮನೆಗೆ ನಡೆದೆ. ಅವರೊಬ್ಬರೇ ಇದ್ದರು. ಕೂರುವ ಮೊದಲೇ ಹೇಳಿಬಿಟ್ಟೆ: "ಅಕ್ಕಾ, ಕಡೇ ದಿನ ಅಣ್ಣನ್ನ ಆಡ್ಕೊಂಡ್ಬಿಟ್ಟೆ. ನೊಂದ್ಕೊಂಡ್ರೋ ಏನೋ."

"ಅಯ್ಯೋ, ಮನೇಗ್ ಬಂದು ಅದನ್ನೇ ಹೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು! 'ಜೋರಾಗಿ ಬಾರ್ಸು ಅಂತಾರೆ ಕಣೇ ಆಯಮ್ಮ. ಬಾರ್ಸಿದ್ರೆ ನಾಳೆ ಅವ್ರ ಮನೇಲಿ ಅಡುಗೆ ಮಾಡೋರ್ಯಾರು?' ಅಂತ."

"ಹಾಗಾದ್ರೆ ಬೇಕಂತಲೇ ನಿಧಾನ ಮಾಡ್ತಿದ್ರಾ?"

"ಮತ್ತೆ? ಎಷ್ಟೋ ವರ್ಷದಿಂದ ನಿಮ್ಮ ಕಾಲು ನೋಡ್ಕೊಂಡು ಇಳಿಸ್ತಾ ಬಂದ್ರು. ಹೇಳ್ಬೇಡ, ಬೇಜಾರು ಮಾಡ್ಕೋತಾರೆ ಅಂತ ನನ್ನ ಬಾಯಿಗೂ ಬೀಗ." ನನ್ನ ಕೈ ಹಿಡಿದು ಕೂರಿಸಿ, "ಅವ್ರ ಕೈಗೂ ವಯಸ್ಸಾಗಿತ್ತು ಬಿಡಿ. ನಿಮ್ಮ ನೆಪದಲ್ಲಿ ತಾವೂ ಸ್ವಲ್ಪ ಸುಧಾರಿಸ್ಕೊಂಡ್ರು," ಎಂದು ನಗಲು ಹೋದರು. ನಗು ಅರ್ಧಕ್ಕೇ ನಿಂತು ಸೆರಗು ಕಣ್ಣಿಗೆ ಹೋಯಿತು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಅತ್ತೆವು.

ಹೊರಡುವಾಗ ಅಕ್ಕ, "ಹೊಸಬ್ರಿಗೆ ಬಾಯ್ಬಿಟ್ಟು ಹೇಳಿ. ನಿಧಾನ ಬಾರ್ಸಪ್ಪ ಅನ್ನೋಕೆ ಏನ್ ನಾಚಿಕೆ?" ಎಂದರು. ಹೇಳಿದರೆ ಬಾರಿಸುತ್ತಾರೆ, ಒಳ್ಳೆಯ ಮನುಷ್ಯ. ಆದರೆ ಇನ್ನು ಪ್ರತಿ ಸಲವೂ ನನಗೆ ವಯಸ್ಸಾಗಿದೆ ಅಂತ ನಾನೇ ಹೇಳಿಕೊಂಡು ಕುಣಿಯಬೇಕು. ಇಷ್ಟು ವರ್ಷ ಅದನ್ನು ಹೇಳದಂತೆ ಒಬ್ಬರು ಕಾಪಾಡಿದ್ದರು.

ಅಣ್ಣ ನೊಂದುಕೊಳ್ಳಲಿಲ್ಲ ಅಂತ ತಿಳಿಯಿತಲ್ಲ, ಅದೊಂದು ದಯೆ. ಕಾಲಿನ ಬಲಕ್ಕೆ ಸ್ವಾಮಿಗೆ ಕೈಮುಗಿದದ್ದೂ ತಪ್ಪಲ್ಲ, ಅಣ್ಣನನ್ನು ಢೋಲಕ್ ಮುಂದೆ ಕೂರಿಸಿದ್ದವನು ಅವನೇ. ಆದರೆ ಮುಕ್ಕಾಲು ಗಂಟೆ ಬಾರಿಸಿ ಬೆವರು ಒರೆಸಿಕೊಳ್ಳುತ್ತಿದ್ದವರಿಗೆ ನಾನಾಗಿ ಒಂದು ಲೋಟ ನೀರನ್ನೂ ಕೊಟ್ಟವಳಲ್ಲ. ದಾರಿಯುದ್ದಕ್ಕೂ ಅದೇ ಕೊರೆಯಿತು.

ಮನೆ ಸೇರಿದಾಗ ಯಜಮಾನರು ಟಿವಿ ಮುಂದೆ ಕೂತಿದ್ದರು. "ಏನು ಸಪ್ಪಗಿದ್ದೀಯ, ಇವತ್ತು ಕುಣಿಲಿಲ್ವಾ?" ಎಂದರು.

"ಕಾಲು ನೋವು," ಎಂದೆ. ಅವರೆದುರು ಆ ಮಾತು ಹೇಳಿದ್ದು ಅದೇ ಮೊದಲು. ಅವರು ಟಿವಿ ಸದ್ದು ಕಡಿಮೆ ಮಾಡಿ ನನ್ನ ಮುಖ ನೋಡಿದರು. ಕೈಕಾಲು ತೊಳೆದು, ರಾತ್ರಿಯ ಚಪಾತಿಗೆ ಹಿಟ್ಟು ಕಲಸಲು ಹೋದೆ.