ಇಪ್ಪತ್ತನಾಲ್ಕು ದಾಟುವವರೆಗೆ

ಪಿಯುಸಿ ಫಲಿತಾಂಶ ಬಂದ ವಾರ. ನಾನು ಆಶಾ ಕಾರ್ಯಕರ್ತೆ. ಕಡೂರಿನ ನಮ್ಮ ಬಡಾವಣೆಯ ಬಾಣಂತಿಯರನ್ನೆಲ್ಲ ಮಾತಾಡಿಸಿಕೊಂಡು ಮಧ್ಯಾಹ್ನ ಮನೆಗೆ ಬಂದು ಇನ್ನೂ ಚಪ್ಪಲಿ ಬಿಡುತ್ತಿದ್ದೆ. ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು.

"ಅಮ್ಮಾ, ಡಿಗ್ರಿ ಅಪ್ಲಿಕೇಶನ್ ತರೋದು ಬೇಡ. ನಾನು ಸಿಸ್ಟರ್ ಆಗ್ತೀನಿ."

"ಒಳ್ಳೇದಾಯ್ತು. ಶಿವಮೊಗ್ಗದಲ್ಲಿ ನರ್ಸಿಂಗ್ ಕಾಲೇಜಿದೆಯಲ್ಲ, ವಿಚಾರಿಸೋಣ" ಅಂದೆ.

"ಆಸ್ಪತ್ರೆ ಸಿಸ್ಟರ್ ಅಲ್ಲಮ್ಮ. ಕಾನ್ವೆಂಟ್ ಸಿಸ್ಟರ್. ಕನ್ಯಾಸ್ತ್ರೀ."

ಒಂದು ಚಪ್ಪಲಿ ಕಾಲಲ್ಲೇ ಇತ್ತು. ಅದನ್ನು ಹಾಕಿಕೊಂಡೇ ಅಡುಗೆಮನೆವರೆಗೆ ಹೋದೆನಂತೆ. ಆಮೇಲೆ ಅವಳು ಹೇಳಿ ನಗಿಸಿದಳು. ಅವತ್ತು ಮಾತ್ರ ಇಬ್ಬರೂ ನಗಲಿಲ್ಲ.

ನಾನು ಹುಟ್ಟಿನಿಂದ ಕ್ರೈಸ್ತಳಲ್ಲ. ಅಜ್ಜಂಪುರದ ಹತ್ತಿರ ತೆಂಗಿನ ತೋಟ, ರಾಗಿ ಹೊಲ ಇದ್ದ ಮನೆಯ ಮಗಳು. ನಮ್ಮವರು ಕಡೂರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರ ಅಪ್ಪ ಕೆಮ್ಮಣ್ಣುಗುಂಡಿಯ ಅದಿರು ಗಣಿಯ ಕೆಲಸಕ್ಕೆ ಬಂದು ಈ ಕಡೆಯೇ ನೆಲೆಸಿದವರು, ಕ್ಯಾಥೊಲಿಕರು. ನಾವಿಬ್ಬರೂ ಇಷ್ಟಪಟ್ಟು ಮದುವೆಯಾದೆವು. ನಮ್ಮಪ್ಪ ಕೊನೆವರೆಗೂ ನನ್ನ ಜೊತೆ ಮಾತಾಡಲಿಲ್ಲ. ಅವ್ವ ಮಾತ್ರ ಮಗಳು ಹುಟ್ಟಿದ ದಿನವೇ ಬಾಣಂತನಕ್ಕೆ ಬೇಕಾದ್ದೆಲ್ಲ ಹೊತ್ತುಕೊಂಡು ಬಂದಳು. ನಮಗೆ ಆ ಮಗಳೊಬ್ಬಳೇ.

ಚರ್ಚಿನ ಕಪಾಟಿನಿಂದ ಅವಳು ತಂದ ಸಣ್ಣ ಪುಸ್ತಕವೊಂದು ಮೇಜಿನ ಮೇಲೆ ತಿಂಗಳುಗಟ್ಟಲೆ ಬಿದ್ದಿತ್ತು. ಫ್ರಾನ್ಸ್ ದೇಶದ ಒಬ್ಬ ಎಳೆಯ ಹುಡುಗಿಯ ಜೀವನಚರಿತ್ರೆ, ಚರ್ಚು ಸಂತಳೆಂದು ಸಾರಿದವಳದು. ನಮ್ಮ ಚರ್ಚಿನಲ್ಲೂ ಆಕೆಯ ಪ್ರತಿಮೆ ಇದೆ, ತೋಳಲ್ಲಿ ಗುಲಾಬಿ ಹಿಡಿದು ನಿಂತಿದ್ದಾಳೆ. ಮಗಳಿಗೆ ಈ ಹುಚ್ಚು ಎಲ್ಲಿಂದ ಹತ್ತಿತು ಅಂತ ತಿಳಿಯೋಣವೆಂದು ಆ ಮಧ್ಯಾಹ್ನವೇ ಓದಲು ಕೂತೆ. ಕೂತೆ ಅನ್ನುವುದೂ ಸುಳ್ಳು. ನಾಲ್ಕು ಪುಟ ಓದುವುದು, ಎದ್ದು ಹಿತ್ತಿಲಿಗೆ ಹೋಗುವುದು, ಮತ್ತೆ ಬರುವುದು.

ಆ ಪುಸ್ತಕದ ಹುಡುಗಿ ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಸಾಕಿದ ಅಕ್ಕಂದಿರು ಒಬ್ಬರ ಹಿಂದೊಬ್ಬರು ಮಠ ಸೇರಿದರು. ಇವಳಿಗೂ ಹದಿನೈದಕ್ಕೇ ಸೇರುವ ಹಟ. ವಯಸ್ಸಾಗಿಲ್ಲ ಅಂದರು ಗುರುಗಳು. ಅಪ್ಪನ ಜೊತೆ ರೋಮಿಗೆ ಹೋದಳು. ಪೋಪರ ಮುಂದೆ ಯಾರೂ ಮಾತಾಡಬಾರದು ಅಂತ ಕಟ್ಟಪ್ಪಣೆಯಾಗಿತ್ತು. ಇವಳು ಮಂಡಿಯೂರಿ ಕೇಳಿಯೇಬಿಟ್ಟಳು. ಕಾವಲಿನವರು ಎತ್ತಿ ಆಚೆ ಒಯ್ಯಬೇಕಾಯಿತು. ಕೊನೆಗೂ ಸೇರಿಸಿಕೊಂಡರು. ಒಳಗೆ ಹೋದವಳು ಪವಾಡವೇನೂ ಮಾಡಲಿಲ್ಲ. ಬಟ್ಟೆ ಒಗೆದಳು. ಎದುರು ಒಗೆಯುತ್ತಿದ್ದವಳು ಕೊಳೆನೀರು ಮುಖಕ್ಕೆ ಸಿಡಿಸಿದರೂ ಸುಮ್ಮನಿದ್ದಳು. ಪ್ರಾರ್ಥನೆಯ ಹೊತ್ತಲ್ಲಿ ಹಿಂದೆ ಕೂತು ಕಟಕಟ ಸದ್ದು ಮಾಡುವ ಒಬ್ಬಾಕೆಯನ್ನು ಸಹಿಸಿಕೊಂಡಳು. ಇಪ್ಪತ್ತನಾಲ್ಕಕ್ಕೆ ಕ್ಷಯದಲ್ಲಿ, ರಕ್ತ ಕೆಮ್ಮಿ ಸತ್ತಳು.

ಉಳಿದದ್ದು ನನಗೆ ಬೇಕಾಗಲಿಲ್ಲ. ಆ ಇಪ್ಪತ್ತನಾಲ್ಕು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು.

"ಸಾಯೋಕೆ ಹೋಗ್ತೀಯಾ ಅಲ್ಲಿಗೆ?" ಅಂತ ಕೇಳಿದೆ.

"ಬಟ್ಟೆ ಒಗೆಯೋಕೆ ಹೋಗ್ತೀನಿ" ಅಂದಳು. ಮನೆಯಲ್ಲಿ ಒಂದು ಕರ್ಚೀಫ್ ಒಗೆಯದ ಹುಡುಗಿ!

ನಮ್ಮವರು ಸಂಜೆ ಬಂದು ಎಲ್ಲ ಕೇಳಿಸಿಕೊಂಡರು. ಅವರ ಮನೆತನದಲ್ಲಿ ಇದು ಹೆಮ್ಮೆಯ ವಿಷಯ. "ದೇವರು ಕರೆದ ಮೇಲೆ ಬೇಡ ಅನ್ನೋಕೆ ನಾನ್ಯಾರು?" ಅಂದರು. ಅಷ್ಟು ಹೇಳಿ ಹೊರಗೆ ಹೋಗಿ, ಏನೂ ಕೆಟ್ಟಿರದ ಸ್ಕೂಟರನ್ನು ಬಿಚ್ಚಿ ಹರವಿಕೊಂಡು ಕೂತರು. ಊಟಕ್ಕೆ ಕರೆದರೂ ಏಳಲಿಲ್ಲ.

ಅವ್ವನಿಗೆ ಫೋನ್ ಮಾಡಿದೆ. ಅವಳು ಅಳುತ್ತಾಳೆ, ಬೈಯುತ್ತಾಳೆ, ನನ್ನ ಪರ ನಿಲ್ಲುತ್ತಾಳೆ ಅಂತ ಲೆಕ್ಕ ಹಾಕಿದ್ದೆ. ಅವಳು ಮಾತ್ರ, "ಆ ಮನೆ ಎಲ್ಲೈತೆ?" ಅಂದಳು.

"ಯಾವ ಮನೆ?"

"ಅವ್ಳು ಹೋಗೋ ಮನೆ ಕಣೇ. ನೋಡ್ದೆ ಹೆಂಗೆ ಹೆಣ್ಣು ಕಳಿಸ್ತೀಯ? ನಾನೂ ಬತ್ತೀನಿ."

"ಅವ್ವಾ, ಅದೇನು ಗಂಡಿನ ಮನೆಯಲ್ಲ."

"ಮನೆ ಹೌದೋ ಅಲ್ವೋ?"

ಮೊದಲೆರಡು ವರ್ಷ ಹುಡುಗಿಯರನ್ನು ಇಟ್ಟುಕೊಳ್ಳುವ ಮನೆ ತರೀಕೆರೆಯ ಹೊರಗಿತ್ತು. ಅವ್ವ ಅಜ್ಜಂಪುರದಿಂದ ಬಸ್ಸಿನಲ್ಲಿ ಬಂದಿಳಿದಳು, ಬೀಗರ ಮನೆಗೆ ಉಡುವ ರೇಷ್ಮೆ ಸೀರೆ ಉಟ್ಟುಕೊಂಡು, ಚೀಲದಲ್ಲಿ ತೆಂಗಿನಕಾಯಿ ತುಂಬಿಕೊಂಡು. ಬಾಗಿಲು ತೆಗೆದ ಹಿರಿಯ ಸಿಸ್ಟರ್ ಮಂಗಳೂರು ಕಡೆಯವರು. "ಬನ್ನಿ ಅಜ್ಜಿ, ಕೂತುಕೊಳ್ಳಿ" ಅಂದರು.

"ಕೂರೋದು ಆಮೇಲೆ. ನೀರಿಗೇನು ಮಾಡ್ಕೊಂಡಿದೀರಾ?"

ನಾನು ನಾಚಿಕೆಯಿಂದ ನೆಲ ನೋಡಿದೆ. ಸಿಸ್ಟರ್ ಮಾತ್ರ ಒಂದಿಷ್ಟೂ ಬೇಸರಿಸದೆ ಬೋರ್‌ವೆಲ್ ತೋರಿಸಿದರು, ಅಡುಗೆಮನೆ ತೋರಿಸಿದರು. ಅವ್ವ ಸಾರಿನ ಪಾತ್ರೆಯ ಮುಚ್ಚಳ ಎತ್ತಿ ಮೂಸಿದಳು. ಮಲಗುವ ಕೋಣೆಯಲ್ಲಿ ಹಾಸಿಗೆ ಒತ್ತಿ ನೋಡಿದಳು. ಮಗಳು ಹಿಂದೆ ಹಿಂದೆ ಬರುತ್ತ ಬಾಯಿಗೆ ದುಪಟ್ಟಾ ಒತ್ತಿಕೊಂಡಿದ್ದಳು.

"ಬೆಳಿಗ್ಗೆ ಎಷ್ಟೊತ್ತಿಗೆ ಎಬ್ಬಿಸ್ತೀರಾ?"

"ಐದಕ್ಕೆ."

"ಇವಳು ಏಳಕ್ಕಿಲ್ಲ."

"ಮೊದಲ ತಿಂಗಳು ಯಾರೂ ಏಳುವುದಿಲ್ಲ ಅಜ್ಜಿ."

"ಕಾಯಿಲೆ ಬಿದ್ರೆ?"

"ನಾವು ನೋಡಿಕೊಳ್ಳುತ್ತೇವೆ. ಮನೆಗೆ ಹೋಗಬೇಕು ಅನಿಸಿದರೆ ಕಳಿಸಿಕೊಡುತ್ತೇವೆ."

ಅವ್ವ ಆಗ ಬೆಂಚಿನ ಮೇಲೆ ಕೂತಳು. ದನಿ ತಗ್ಗಿಸಿ, "ಮನಸ್ಸು ಬದಲಾದ್ರೆ?" ಅಂದಳು.

"ವ್ರತ ಸ್ವೀಕರಿಸುವವರೆಗೆ ಯಾವತ್ತು ಬೇಕಾದರೂ ಹೊರಟು ಹೋಗಬಹುದು. ಅದಕ್ಕೇ ಇಷ್ಟು ವರ್ಷ ಕಾಯಿಸುವುದು. ಯಾರೂ ಯಾಕೆ ಅಂತ ಕೇಳುವುದಿಲ್ಲ."

ಅವ್ವ ನನ್ನ ಕಡೆ ತಿರುಗಿದಳು. "ಕೇಳಿಸ್ಕಂಡೇನೇ? ನನ್ ಮದ್ವೇಲಿ ನಂಗೆ ಯಾರೂ ಹಿಂಗಂದಿರ್ಲಿಲ್ಲ."

ಮಳೆ ಶುರುವಾಗುವ ಹೊತ್ತಿಗೆ ಮಗಳು ಹೋದಳು. ಆಮೇಲೆ ಮನೆಯೊಳಗೆ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಹಾಲಿಗೆ ಒಲೆ ಹಚ್ಚಿ ಬೀದಿಗೆ ಹೋಗಿಬಿಡುತ್ತಿದ್ದೆ. ಕರೆ ಬರದಿದ್ದ ಮನೆಗಳಿಗೂ ಹೋಗಿ, "ಮಗುಗೆ ಲಸಿಕೆ ಹಾಕಿಸಿದ್ರಾ?" ಅಂತ ಕೇಳುತ್ತಿದ್ದೆ. "ಮೊನ್ನೆ ತಾನೇ ಕೇಳಿದ್ರಲ್ಲಕ್ಕಾ" ಅನ್ನುತ್ತಿದ್ದರು. ಭಾನುವಾರ ಮಧ್ಯಾಹ್ನ ಮಾತ್ರ ಅವಳ ಫೋನ್. ಶನಿವಾರವೇ ಮೊಬೈಲನ್ನು ಸೆರಗಿಗೆ ಕಟ್ಟಿಕೊಂಡವಳಂತೆ ಓಡಾಡುತ್ತಿದ್ದೆ. ಅವಳು ಮಾತಾಡುವಾಗ ಮಾತಿಗಿಂತ ಹೆಚ್ಚಾಗಿ ಉಸಿರನ್ನೇ ಕೇಳುತ್ತಿದ್ದೆ, ಕೆಮ್ಮು ಏನಾದರೂ ಇದೆಯಾ ಅಂತ. "ಅಮ್ಮಾ, ನೀನು ಕೇಳ್ತಾನೇ ಇಲ್ಲ" ಅಂತ ರೇಗುತ್ತಿದ್ದಳು.

ಎರಡು ವರ್ಷ ಕಳೆದು ಅವಳನ್ನು ಮೈಸೂರಿನ ಕಡೆ ಕಳಿಸಿದ್ದರು, ವ್ರತಕ್ಕೆ ಮುಂಚಿನ ತರಬೇತಿಗೆ. ಒಂದು ಬುಧವಾರ ಫೋನ್ ಬಂತು. ಮಾತಾಡಿದ್ದು ಅವಳಲ್ಲ, ಅಲ್ಲಿನ ಮೇಲ್ವಿಚಾರಕಿ ಸಿಸ್ಟರ್. ಸಂಜೆ ಜ್ವರ, ತೂಕ ಇಳಿದಿದೆ, ಕಫ ಪರೀಕ್ಷೆ ಮಾಡಿಸಿದ್ದೇವೆ ಅಂದರು. ಮುಂದಿನದು ನನಗೆ ಗೊತ್ತಿತ್ತು. ಅದೇ ಪರೀಕ್ಷೆಗೆ ನಾನೇ ಎಷ್ಟು ಜನರನ್ನು ಪುಸಲಾಯಿಸಿ ಕರೆದೊಯ್ದಿದ್ದೆ! "ಈಗಿನ ಕಾಲದಲ್ಲಿ ಟಿಬಿ ಅಂದ್ರೆ ಏನೂ ಅಲ್ಲ, ಆರು ತಿಂಗಳು ಮಾತ್ರೆ ತಗೊಂಡ್ರೆ ವಾಸಿ" ಅಂತ ಅವರಿಗೆಲ್ಲ ಹೇಳಿದವಳೂ ನಾನೇ. ಆ ಮಾತು ನನಗೇ ಹೇಳಿಕೊಂಡೆ.

ಅವಳನ್ನು ಮನೆಗೆ ಕರೆತಂದೆವು. ಬಸ್ ಸ್ಟ್ಯಾಂಡಿನಿಂದ ಸ್ಕೂಟರ್ ಹಿಂದೆ ಕೂತು ಬಂದವಳ ಭಾರವೇ ತಿಳಿಯಲಿಲ್ಲ ಅಂದರು ನಮ್ಮವರು. ದಿನಾ ನನ್ನ ಕೈಯಾರೆ ಮಾತ್ರೆ ನುಂಗಿಸಿದೆ. ಅಜ್ಜಂಪುರದಿಂದ ಅವ್ವ ಮೊಟ್ಟೆ, ಕಡಲೆಕಾಯಿ, ಎಳನೀರು ಕಳಿಸುತ್ತಲೇ ಇದ್ದಳು. ಜ್ವರ ಬಿಟ್ಟಿತು, ಕೆನ್ನೆ ತುಂಬಿತು. ನನ್ನೊಳಗೆ ಒಂದು ಆಸೆಯೂ ಅದರ ಜೊತೆಗೇ ಬಲಿಯುತ್ತಿತ್ತು, ಇನ್ನು ಹೋಗುವುದಿಲ್ಲ ಇವಳು ಅಂತ.

ಒಂದು ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದೆವು. ಅವಳಾಗೇ ಹೇಳಿದಳು: "ಪ್ರಾರ್ಥನೆ ಬರ್ತಿಲ್ಲ ಅಮ್ಮ. ಕಣ್ಣು ಮುಚ್ಚಿದ್ರೆ ಗೋಡೆ ಎದುರು ಕೂತ ಹಾಗಿರುತ್ತೆ. ಕಾಯಿಲೆಗೆ ಮುಂಚೆಯಿಂದ್ಲೂ ಹೀಗೇ. ಅವಳಿಗೂ ಕೊನೆಕೊನೆಗೆ ಹಾಗಾಗಿತ್ತಂತೆ, ಆ ಪುಸ್ತಕದವಳಿಗೆ. ಓದಿದಾಗ ಚೆಂದ ಅನ್ನಿಸಿತ್ತು. ಆಗೋವಾಗ ಚೆಂದ ಇಲ್ಲ."

"ಹಾಗಿದ್ರೆ ಇಲ್ಲೇ ಇದ್ದುಬಿಡು."

"ಇರ್ಲಾ?"

ತಮಾಷೆಗೆ ಕೇಳಿದ್ದಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಇರು ಅಂದಿದ್ದರೆ ಇದ್ದುಬಿಡುತ್ತಿದ್ದಳೇನೋ. ಯಾಕೋ ಬಾಯಿಗೆ ಬೇರೆಯೇ ಮಾತು ಬಂತು. "ಅಲ್ಲಿ ಇಡೀ ದಿನ ಏನು ಮಾಡ್ತಿದ್ದೆ ನೀನು?"

ಹಾಸಿಗೆ ಹಿಡಿದಿದ್ದ ಒಬ್ಬ ಮುದಿ ಸಿಸ್ಟರ್ ವಿಷಯ ತೆಗೆದಳು. ದಿನಾ ಬೆಳಿಗ್ಗೆ ಅವರ ಮೈ ಒರೆಸಿ ಗಂಜಿ ತಿನ್ನಿಸುವುದು ಇವಳ ಪಾಲಿನ ಕೆಲಸ. ಅವರು ಬೈಯುತ್ತಿದ್ದರು, ಗಂಜಿ ಉಗಿಯುತ್ತಿದ್ದರು, ಒಮ್ಮೆ ಇವಳ ಕೈಗೆ ಕಚ್ಚಿದ್ದರು. "ಎಡಗಡೆ ಮಗ್ಗುಲು ಮಾಡಿದ್ರೆ ಅವರಿಗೆ ನೋವಾಗುತ್ತೆ ಅಮ್ಮ, ಅದು ಯಾರಿಗೂ ಗೊತ್ತಿಲ್ಲ. ಉಗುರು ಬೇರೆ ಬೇಗ ಬೆಳೆಯುತ್ತೆ. ಈಗ ಯಾರು ತೆಗೀತಿದಾರೋ..." ಅನ್ನುತ್ತ ಎದ್ದು ನಿಂತಿದ್ದಳು. ಹಿತ್ತಿಲಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದಳು, ನಾನು ಓಡಾಡುವ ಹಾಗೆಯೇ. ಅವಳು ಹೋಗುತ್ತಾಳೆ ಅಂತ ನನಗೆ ಆಗಲೇ ಗೊತ್ತಾಗಿಹೋಯ್ತು.

ಮಾತ್ರೆಗಳು ಮುಗಿದು, ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂದ ಮೇಲೆ ಹೊರಟಳು. ಮಾರನೆಯ ವರ್ಷ ಮೊದಲ ವ್ರತ. ಚರ್ಚಿನ ಬಲಿಪೂಜೆಯ ನಡುವೆ ಅವಳು ಬಡತನ, ಕನ್ಯಾವ್ರತ, ವಿಧೇಯತೆ ಅಂತ ಒಂದೊಂದೇ ಹೇಳುವಾಗ ಅವ್ವ ನನ್ನ ಕಿವಿಯಲ್ಲಿ, "ವಿಧೇಯತೇನಾ? ಇವ್ಳಾ?" ಅಂದಳು. ನಮ್ಮವರು ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಅಷ್ಟು ವರ್ಷ ಒಂದು ಮಾತೂ ಆಡದೆ ಇಟ್ಟುಕೊಂಡಿದ್ದೆಲ್ಲ ಅಲ್ಲಿ ಹೊರಗೆ ಬಂತು.

ಅವಳ ಇಪ್ಪತ್ತನಾಲ್ಕರ ವರ್ಷ ಇಡೀ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಆ ಸಂತಳಿಗೆ ಮೇಣದ ಬತ್ತಿ ಹಚ್ಚುವಾಗಲೂ ಒಂದು ಬಗೆಯ ಸಿಟ್ಟಿನಿಂದಲೇ ಹಚ್ಚುತ್ತಿದ್ದೆ. ಇಪ್ಪತ್ತೈದನೆಯ ಹುಟ್ಟುಹಬ್ಬದ ದಿನ ಫೋನ್ ಮಾಡಿ ಅಳತೊಡಗಿದರೆ ಅವಳಿಗೆ ಅರ್ಥವೇ ಆಗಲಿಲ್ಲ. "ಯಾಕಮ್ಮ, ಅಪ್ಪ ಚೆನ್ನಾಗಿದಾರಾ?" ಅಂದಳು. ಆ ಲೆಕ್ಕ ಅವಳು ಯಾವತ್ತೂ ಹಾಕಿರಲೇ ಇಲ್ಲ.

ಈಗ ಅವಳಿರುವುದು ಹುಬ್ಬಳ್ಳಿ ಆಚೆ, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ. ಪ್ರಾರ್ಥನೆ ಬರುತ್ತದಾ ಅಂತ ಒಮ್ಮೆ ಕೇಳಿದ್ದಕ್ಕೆ, "ಕೆಲವು ದಿನ" ಅಂದಳು. ಅಡುಗೆಯವಳ ಜೊತೆ ಜಗಳ, ವಾರ್ಡನ್ ಸಿಸ್ಟರ್ ಮೇಲೆ ದೂರು, ಬೇರೆ ಊರಿಗೆ ಹಾಕಿ ಅಂತ ಅರ್ಜಿ. ನನಗೆ ಕೇಳಿ ಕೇಳಿ ಸಾಕಾಗುತ್ತದೆ.

ಈ ಬೇಸಿಗೆಯಲ್ಲಿ ರಜೆಗೆ ಬಂದಿದ್ದಳು. ವಾಪಸ್ ಕಳಿಸಲು ಬೀರೂರು ಸ್ಟೇಷನ್ನಿಗೆ ಹೋದೆವು. ರೈಲು ಬಂತು. ಹತ್ತಿ, ಕಿಟಕಿ ಪಕ್ಕ ಜಾಗ ಹಿಡಿದು, ಚೀಲ ಮೇಲಿಟ್ಟಳು. ಎದುರಿಗೆ ಕೂತಿದ್ದ ಹೆಂಗಸು ಏನೋ ಕೇಳಿದಳು. ಇವಳು ಮುಂದಕ್ಕೆ ಬಾಗಿ ಉತ್ತರ ಹೇಳತೊಡಗಿದಳು, ಎರಡೂ ಕೈ ಆಡಿಸುತ್ತ. ಆ ಹೆಂಗಸು ನಕ್ಕಳು. ರೈಲು ಅಲುಗಿತು. ನಾನು ಕಿಟಕಿಯ ಜೊತೆ ಸ್ವಲ್ಪ ದೂರ ಓಡಿ ಕೈ ಎತ್ತಿದೆ. ಅವಳು ನೋಡಲಿಲ್ಲ, ಇನ್ನೂ ಮಾತಾಡುತ್ತಲೇ ಇದ್ದಳು.

"ಬಾ, ಟೀ ಕುಡಿಯೋಣ" ಅಂದರು ನಮ್ಮವರು. ನಿಂತೇ ಕುಡಿದೆ.